ಕಡೇ ಗಾಡಿಯ ಹಬ್

ನಮ್ಮೂರಿನಲ್ಲಿ ಕಬ್ಬಿಣದ ಸದ್ದು ತಡವಾಗಿ ಬರುತ್ತದೆ. ಮನುಷ್ಯರ ಮಾತು, ನಾಯಿಯ ಬೊಗಳು, ಹಲಗೆಯ ಬಡಿತ ಎಲ್ಲ ಆದಾಗಲೇ ಕೇಳುತ್ತವೆ. ಕಬ್ಬಿಣ, ಹಿತ್ತಾಳೆ, ಸ್ಟೀಲು ಏನು ಸದ್ದು ಮಾಡಿದರೂ ಅದು ಆದ ಜಾಗದಲ್ಲೇ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತು ಕೂತಿದ್ದು ಆಮೇಲೆ ಏಳುತ್ತದೆ. ಗಡಿಯಾರದಲ್ಲಿ ನೋಡಿದರೆ ಏಳು ನಿಮಿಷ. ಶಾಲೆಯ ಜವಾನ ಹತ್ತಕ್ಕೆ ಏಳು ನಿಮಿಷ ಇರುವಾಗ ಗಂಟೆ ಹೊಡೆದು ಬೀಡಿ ಸೇದಲು ಹೋಗುತ್ತಾನೆ. ಪೂಜಾರಿ ಮೊದಲು ಗಂಟೆ ಆಡಿಸಿಟ್ಟು ಆಮೇಲೆ ಬತ್ತಿ ಹೊಸೆಯಲು ಕೂಡುತ್ತಾರೆ. ಅಡುಗೆಮನೆಯಲ್ಲಿ ತಟ್ಟೆ ಬೀಳಿಸಿದ ಸೊಸೆ ಅದನ್ನು ಎತ್ತಿಟ್ಟು ಕೊಡ ಹಿಡಿದು ನಲ್ಲಿಗೆ ಹೋಗಿಬಿಟ್ಟಿರುತ್ತಾಳೆ. ಸದ್ದು ಎದ್ದಾಗ ಒಲೆಯ ಮುಂದೆ ಅತ್ತೆ ಒಬ್ಬಳೇ ಇರುತ್ತಾಳೆ. ಗಾಡಿಗಳು ಬೆಕ್ಕಿನ ಹಾಗೆ ಬರುವುದರಿಂದ ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ "ಹೋಯ್, ಬಂದ್ನಿ ಬಂದ್ನಿ" ಎಂದು ಬಾಯಲ್ಲೇ ಹಾರ್ನ್ ಹೊಡೆಯುತ್ತಾರೆ. ಗಂಟಲು ಗಟ್ಟಿ ಇಲ್ಲದವನಿಗೆ ನಮ್ಮಲ್ಲಿ ಯಾರೂ ಸ್ಟೇರಿಂಗ್ ಕೊಡುವುದಿಲ್ಲ.

ನಾನು ದಾವಲಸಾಬ, ಗ್ಯಾರೇಜಿನ ಮೇಸ್ತ್ರಿ. ನಲವತ್ತೊಂದು ವರ್ಷ ಈ ಊರಿನ ಗಾಡಿಗಳ ಹೊಟ್ಟೆಯಡಿ ಮಲಗಿದ್ದೇನೆ. ಬೇರೆ ಊರಿನ ಮೇಸ್ತ್ರಿಗಳು ಗಾಡಿ ಓಡಿಸುತ್ತಲೇ ಸದ್ದು ಕೇಳುತ್ತಾರಂತೆ, ಟೈರಿನ ಸದ್ದು ಯಾವುದು ಬೇರಿಂಗಿನದು ಯಾವುದು ಎಂದು ಬಿಡಿಸಲಾರದೆ ತಲೆ ಕೆರೆದುಕೊಳ್ಳುತ್ತಾರಂತೆ. ನಮಗೆ ಆ ತಾಪತ್ರಯ ಇಲ್ಲ. ಟೈರು ರಬ್ಬರು, ಅದರ ಸದ್ದು ಗಾಡಿಯ ಜೊತೆಗೇ ಹೋಗುತ್ತದೆ. ಕಬ್ಬಿಣದ್ದು ಹಿಂದೆ ಉಳಿಯುತ್ತದೆ. ಊರಿನ ಕೆಳಗೆ ಘಟ್ಟದ ದಾರಿ ಶುರುವಾಗುವಲ್ಲಿ ಎಡಕ್ಕೆ ಹೊರಳುವ ಒಂದು ತಿರುವು ಇದೆ. ಅಲ್ಲಿ ಹುಣಸೆಮರದ ಕೆಳಗೆ ಒಂದು ಚಪ್ಪಟೆ ಕಲ್ಲು. ಗಾಡಿ ಹಾದುಹೋಗುವಾಗ ನಾನು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಜಗಿದು ಉಗುಳುವ ಹೊತ್ತಿಗೆ ಖಾಲಿ ರಸ್ತೆಯ ಮೇಲೆ ಆ ಗಾಡಿ ತನ್ನ ಕಥೆಯನ್ನೆಲ್ಲ ಹೇಳಿಕೊಂಡು ಹೋಗುತ್ತದೆ. ಎಂಜಿನ್ನು ಒಂದು ಕಡೆ, ಬೇರಿಂಗ್ ಒಂದು ಕಡೆ, ಸಡಿಲಾದ ಬೋಲ್ಟ್ ಒಂದು ಕಡೆ. ಆ ಕಲ್ಲಿನ ಮೇಲೆ ಕೂತು ನಾನು ಹೇಳಿದ ಮಾತು ತಪ್ಪಿಲ್ಲ ಎಂದು ಊರಿನಲ್ಲಿ ಹೆಸರಿತ್ತು. ಆ ಹೆಸರು ನನಗೆ ಊಟಕ್ಕಿಂತ ಹೆಚ್ಚು ರುಚಿಸುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಒಂದು ಬುಧವಾರ ಮಧ್ಯಾಹ್ನ ಕಲ್ಮೇಶ ತನ್ನ ಬಿಳಿ ವ್ಯಾನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆರೂ ಕಾಲಿಗೆ ಅವನು ಊರಿನ ಆರು ಜನರನ್ನು ಘಟ್ಟದ ಕೆಳಗಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಾನೆ. ಅವನ ಕೈಯಲ್ಲಿ ಒಂದು ಪುಟ್ಟ ಡಬ್ಬಿ ಇತ್ತು.

"ಮಾಮಾ, ಮತ್ತ ಲೈಟ್ ಹತ್ತೇತಿ. ಇದನ್ನ ಹಾಕಿ ಕೊಡು, ಮುಂಜಾನೆ ಹೋಗಬೇಕು."

ಡಬ್ಬಿಯಲ್ಲಿದ್ದದ್ದು ಗಾಲಿಯ ಸೆನ್ಸರ್. ಬೆರಳುದ್ದದ ಒಂದು ಮೊಳಕೆ, ಅದಕ್ಕೊಂದು ಉದ್ದನೆಯ ವಯರು. ಗಾಲಿ ಎಷ್ಟು ಸುತ್ತುತ್ತಿದೆ ಎಂದು ಎಣಿಸುವ ಕಣ್ಣು ಅದು. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದ ಹಾಗೆ ಕಾಯುವ ಕಂಪ್ಯೂಟರ್ ಆ ಎಣಿಕೆಯನ್ನು ನಂಬಿಕೊಂಡಿರುತ್ತದೆ. ಎಣಿಕೆ ತಪ್ಪಿತೋ, ಅದು ಡ್ರೈವರನ ಮುಂದೆ ಹಳದಿ ಲೈಟು ಹಚ್ಚಿ ಕೈಬಿಡುತ್ತದೆ. ಹತ್ತು ದಿನದ ಹಿಂದೆ ಲೈಟು ಹತ್ತಿದಾಗ ಕಲ್ಮೇಶ ಕೆಳಗಿನ ಪಟ್ಟಣದಲ್ಲಿ ಮಷಿನ್ ಹಚ್ಚಿಸಿ ನೋಡಿದ್ದ. ಬಲಗಡೆ ಮುಂದಿನ ಗಾಲಿಯ ಸೆನ್ಸರ್ ಎಂದು ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿದ್ದ ಹಾಗೆ ನಾನೇ ಹೊಸ ಸೆನ್ಸರ್ ಹಾಕಿದ್ದೆ. ಎರಡು ಸಲ ಹೋಗಿ ಬರುವತನಕ ಸುಮ್ಮನಿದ್ದ ಲೈಟು ಕಳೆದ ಸೋಮವಾರ ಮೂರನೆಯ ತಿರುವಿನಲ್ಲಿ ಮತ್ತೆ ಹತ್ತಿತ್ತು. ಮಂಜು ಬಿದ್ದ ರಸ್ತೆ, ಎದುರಿಗೆ ಎಮ್ಮೆ. ಕಲ್ಮೇಶ ಬ್ರೇಕ್ ಒತ್ತಿದಾಗ ವ್ಯಾನು ಕಣಿವೆಯ ಕಡೆಗೆ ಮೊಳ ದೂರ ಜಾರಿ ನಿಂತಿತ್ತು.

"ಈ ಸೆನ್ಸರೂ ಕೆಟ್ಟದ್ದು ಬಂದಿರಬೇಕು, ಬ್ಯಾರೇದು ಹಾಕ್ರಿ ಅಂತ ಅಂಗಡಿಯವ್ರು ಕೊಟ್ಟಾರ," ಎಂದ ಕಲ್ಮೇಶ.

ಅರ್ಧ ಗಂಟೆಯ ಕೆಲಸ. ಹಾಕಿಬಿಡಬಹುದಿತ್ತು. ಆದರೆ ಒಂದು ಸಲ ಕಣ್ಣು ಬದಲಿಸಿದ ಮೇಲೂ ಕಾಣುವುದಿಲ್ಲವೆಂದರೆ ನೋಡಬೇಕಾದದ್ದೇ ಅಲುಗುತ್ತಿರಬೇಕಲ್ಲ. ಸೆನ್ಸರ್ ನೋಡುವುದು ಗಾಲಿಯ ನಡುವಿನ ಗುಂಬ, ಅಂದರೆ ಹಬ್, ಅದರೊಳಗಿನ ಒಂದು ಬಳೆಯನ್ನು. ಆ ಬಳೆ, ಬೇರಿಂಗು, ಗಾಲಿ ಕೂಡುವ ಬೋಲ್ಟುಗಳು ಎಲ್ಲ ಸೇರಿ ಒಂದೇ ಗಟ್ಟಿ. ಬೇರಿಂಗ್ ಸವೆದು ಕೂದಲೆಳೆಯಷ್ಟು ಓಲಾಡಿದರೂ ಬಳೆ ಕಣ್ಣಿಗೆ ಸಿಕ್ಕೂ ಸಿಗದ ಹಾಗಾಗುತ್ತದೆ. ಆಗ ಬದಲಿಸಬೇಕಾದದ್ದು ಇಡೀ ಹಬ್.

ವ್ಯಾನನ್ನು ಜಾಕಿನ ಮೇಲೆ ಎತ್ತಿ ಗಾಲಿ ಹಿಡಿದು ಅಲುಗಾಡಿಸಿದೆ. ಗಟ್ಟಿಯಾಗಿಯೇ ಇತ್ತು. ಒಂದು ಕೈ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಲ್ಲಿ ಗಾಲಿ ತಿರುಗಿಸಿದೆ. ಸದ್ದು ತಡವಾದರೂ ನಡುಕ ತಡವಾಗುವುದಿಲ್ಲ. ಏನೋ ಒಂದು ಒರಟು ಇದ್ದ ಹಾಗಿತ್ತು, ಇಲ್ಲದ ಹಾಗೂ ಇತ್ತು. ನಲವತ್ತೊಂದು ವರ್ಷದ ಜಡ್ಡುಗಟ್ಟಿದ ಕೈ, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

"ಕಲ್ಲಿನ ಮ್ಯಾಲೆ ಕೂತ ಕೇಳಬೇಕು. ಖಾಲಿ ಗಾಡಿ ಅಲ್ಲ, ತುಂಬಿದ ಗಾಡಿ. ಭಾರ ಬಿದ್ದಾಗ ಮಾತ್ರ ಒದರೂ ಬೇರಿಂಗ್ ಇರ್ತಾವು," ಎಂದೆ.

"ಭಾರ ಎಲ್ಲಿಂದ ತರೂದು? ಸಿಮೆಂಟ್ ಚೀಲಾ?"

ಅಷ್ಟರಲ್ಲಿ ಭಾರ ತಾನಾಗಿಯೇ ಬಂತು. ನಾಳೆ ಗಾಡಿ ಹೋಗುತ್ತದೋ ಇಲ್ಲವೋ ಎಂದು ಕೇಳಲು ಆರೂ ಜನ ಒಟ್ಟಿಗೆ ಬಂದಿದ್ದರು. ಮುಂದೆ ಬಳೆ ಮಾರುವ ಸಾವಂತ್ರವ್ವ, ಬಾಯಿ ಜೋರು. ಅವಳ ಹಿಂದೆ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಗುರುಪಾದ ಮಾಸ್ತರು. ಹೋದ ವರ್ಷ ಒಂದೇ ಒಂದು ಸರದಿ ತಪ್ಪಿದ್ದಕ್ಕೆ ಮಾಸ್ತರನ್ನು ಉಸಿರು ಕಟ್ಟಿ ಮಂಚದ ಸಮೇತ ಹೊತ್ತೊಯ್ದಿದ್ದರು. ಅದು ಆರೂ ಜನರ ಕಣ್ಣಲ್ಲಿ ಇನ್ನೂ ಇತ್ತು.

ನಾನು ವಿಷಯ ಹೇಳಿದೆ.

"ಅಷ್ಟನ? ನಾಳೆ ಡಯಾಲಿಸಿಸ್ ಐತಿ ಅಂದ್ರ ಇವತ್ತ ನಾವು ತಲಾ ಎರಡ ಕಿಲೋ ನೀರು ಹೆಚ್ಚಿಗಿ ಹೊತ್ತಿರ್ತೀವಿ," ಎಂದಳು ಸಾವಂತ್ರವ್ವ. "ಈ ಊರಾಗ ನಮ್ಮಷ್ಟು ಖರೇ ತೂಕದ ಮಂದಿ ನಿನಗ ಸಿಗೂದಿಲ್ಲ. ಹತ್ರಿ ಮಾಸ್ತರ, ಕಡೀಗೂ ಒಂದ ಉಪಯೋಗಕ್ಕ ಬಂದ್ವಿ."

ನಾನು ಹುಣಸೆಮರದ ಕೆಳಗೆ ಹೋಗಿ ಕೂತೆ. ಕಲ್ಮೇಶನಿಗೆ ಹೇಳಿದ್ದೆ: ತಿರುವಿನಲ್ಲಿ ಗೇರ್ ತೆಗಿ, ಗಾಡಿ ತನ್ನಷ್ಟಕ್ಕೆ ಹೊರಳಲಿ, ಮುಂದೆ ಹೋಗಿ ತಿರುಗಿಸಿಕೊಂಡು ಇದೇ ತಿರುವಿನಲ್ಲಿ ವಾಪಸು ಬಾ. ಎಡಕ್ಕೆ ಹೊರಳಿದಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆ, ಬಲಕ್ಕೆ ಹೊರಳಿದಾಗ ಎಡಗಾಲಿಯ ಮೇಲೆ. ವ್ಯಾನು ಹಾದುಹೋಯಿತು. ಟೈರು ಸರ್ರೆಂದಿತು, ಸಾವಂತ್ರವ್ವ ಕಿಟಕಿಯಿಂದ "ಹೋಯ್ ದಾವಲಾ" ಎಂದಳು. ನಾನು ಎಲೆ ಬಾಯಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿನಲ್ಲಿ ವಾಪಸು ಬಂದು ಎಲ್ಲರೂ ಇಳಿದು ಮರದ ಬೇರುಗಳ ಮೇಲೆ ಕೂತರು. ತಮ್ಮದೇ ಗಾಡಿ ಬರುವುದನ್ನು ಕಾಯುತ್ತ ಅವರು ಖಾಲಿ ರಸ್ತೆಯನ್ನು ನೋಡುತ್ತಿದ್ದರು.

ಮೊದಲು ಎಂಜಿನ್ ಬಂತು. ಬಾಗಿಲಿನ ಚಿಲಕ ಕಟಕಟ ಅಂದಿತು. ಆಮೇಲೆ, ಸರಿಯಾಗಿ ತಿರುವಿನ ಹೊಟ್ಟೆಯಲ್ಲಿ, ಬೀಸುಕಲ್ಲಿಗೆ ಜೋಳ ಸುರಿದ ಹಾಗೆ ಒಂದು ಗುರ್ರನೆಯ ಸದ್ದು ಎದ್ದು, ದೊಡ್ಡದಾಗಿ, ರಸ್ತೆ ನೆಟ್ಟಗಾಗುತ್ತಲೇ ಇಳಿಯಿತು. ಮತ್ತೆ ವಾಪಸು ಬಂದ ಸದ್ದು. ಬಲಕ್ಕೆ ಹೊರಳುವಾಗ ಗುರ್ರನ್ನುವುದು ಇಲ್ಲವೇ ಇಲ್ಲ.

"ಕೇಳಿಸ್ತಾ?" ಎಂದರು ಮಾಸ್ತರು, ತಾವೇ ಕಂಡುಹಿಡಿದವರ ಹಾಗೆ.

ನನಗೆ ಕೇಳಿಸಿತ್ತು. ಅದರ ಜೊತೆಗೆ ಇನ್ನೊಂದೂ ನೆನಪಾಗಿ ಬಾಯಲ್ಲಿದ್ದ ಎಲೆ ಕಹಿಯಾಯಿತು. ಈ ಗುರ್ರನ್ನುವ ಸದ್ದನ್ನು ನಾನು ಒಂದು ತಿಂಗಳ ಹಿಂದೆ ಇದೇ ಕಲ್ಲಿನ ಹತ್ತಿರ ಕೇಳಿದ್ದೆ. ಒಂದು ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ನಡೆದು ಬರುತ್ತಿದ್ದೆ. ಎದುರಿಗೆ ದುರುಗಪ್ಪನ ಹಿಟ್ಟಿನ ಲಾರಿ ತಿರುವಿನಲ್ಲಿ ಹೊರಳುತ್ತಿತ್ತು. ದುರುಗಪ್ಪ ಲಾರಿಗೆ ಗ್ರೀಸ್ ಹಾಕಿಸುವವನಲ್ಲ, ಹೇಳಿದರೆ ನಗುವವನು. ಅವನ ಗಾಡಿ ಎಂದಾದರೂ ಸಿಕ್ಕಿಬೀಳಲಿ ಎಂದು ನಾನು ವರ್ಷದಿಂದ ಕಾಯುತ್ತಿದ್ದೆ. ಸದ್ದು ಕಿವಿಗೆ ಬಿತ್ತು, ಲಾರಿ ಕಣ್ಣಿಗೆ ಬಿತ್ತು, ಎರಡನ್ನೂ ಗಂಟುಹಾಕಿಬಿಟ್ಟೆ. ನಮ್ಮೂರಿನಲ್ಲಿ ಮಗುವಿಗೆ ನಡಿಗೆ ಬರುವ ಮೊದಲೇ ಕಲಿಸುವ ಮಾತು, ಎದುರಿಗೆ ಇದ್ದದ್ದರ ಸದ್ದಲ್ಲ, ಹೋದದ್ದರ ಸದ್ದು ಎಂದು. ಅವತ್ತು ಏಳು ನಿಮಿಷ ಮೊದಲು ಅಲ್ಲಿ ಹಾದುಹೋಗಿದ್ದದ್ದು ಕಲ್ಮೇಶನ ವ್ಯಾನು. ನಾನು ಹೋಗಿ ದುರುಗಪ್ಪನ ಲಾರಿ ತಡೆದು ನಿಲ್ಲಿಸಿದೆ. "ನನ್ನ ಗಾಡಿ ನೆಟ್ಟಗ ಐತೋ ದಾವಲ್ಯಾ" ಎಂದು ಅವನು ಹೇಳುತ್ತಲೇ ಇದ್ದ. ಬೈದು ಬಾಯಿ ಮುಚ್ಚಿಸಿ ಒಳ್ಳೆಯ ಬೇರಿಂಗ್ ತೆಗೆದು ಹೊಸದು ಹಾಕಿದೆ. ತೆಗೆದದ್ದನ್ನು ತಿರುಗಿಸಿ ಕೂಡ ನೋಡಲಿಲ್ಲ, ಅಷ್ಟು ನಂಬಿಕೆ ನನ್ನ ಮೇಲೆ ನನಗೆ. ಎರಡು ದಿನ ಲಾರಿ ನಿಂತು ಊರೆಲ್ಲ ರೊಟ್ಟಿ ಬಿಟ್ಟು ಅನ್ನ ಉಂಡಿತು.

ಅವತ್ತು ಸರಿಯಾಗಿ ಕೇಳಿದ್ದರೆ ಕಳೆದ ಸೋಮವಾರ ಈ ಆರು ಜನ ಕಣಿವೆಯ ಅಂಚು ನೋಡುತ್ತಿರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿತ್ತು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಹೆಸರು ಉಳಿಸಿಕೊಂಡು ಆ ಕಲ್ಲಿನ ಮೇಲೆ ಮತ್ತೆ ಹೇಗೆ ಕೂಡುವುದು? ಎಲೆ ಉಗುಳಿ ಬಾಯಿ ಒರೆಸಿಕೊಂಡು ಎಲ್ಲವನ್ನೂ ಹೇಳಿದೆ.

ಸಾವಂತ್ರವ್ವ ಸೆರಗಿನಿಂದ ಗಾಳಿ ಹಾಕಿಕೊಂಡಳು.

"ನಲವತ್ತ ವರ್ಷಕ್ಕ ಒಂದ ತಪ್ಪು," ಎಂದಳು. "ನಾನು ದಿನಾ ಒಂದ ಅಳತಿ ತಪ್ಪಿ ಬಳಿ ಇಡಸ್ತೀನಿ. ಈಗ ಮುಂದಿಂದ ಹೇಳು."

"ಸೆನ್ಸರ್ ತಪ್ಪಿಲ್ಲ. ನನಗ ಕಾಣವಲ್ದು ಅಂತ ಅದು ಖರೇನ ಹೇಳಾಕತ್ತಿತ್ತು. ನಾವು ಹೇಳಿದವನ ಕಣ್ಣು ಕಿತ್ತು ಒಗದ್ವಿ. ಹೋಗಿರೂದು ಹಬ್. ಹೊಸಾದು ಕೆಳಗಿಂದ ಬರಾಕ ಶನಿವಾರ ಆಗತೈತಿ."

ಕಲ್ಮೇಶ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಹಂಗಾರ ಈಗ ಇದನ್ನ ಹಾಕು ಮಾಮಾ. ಹೋದ ಸಲ ಎರಡ ಟ್ರಿಪ್ ಲೈಟ್ ಹತ್ತಲಿಲ್ಲ. ನಾಳೆ ಒಂದ ದಿನ ದಾಟಿದ್ರ ಸಾಕು."

"ಲೈಟ್ ಹತ್ತಿದ ಗಾಡಿಯಾಗ ನೀನು ಹೆದರಿ ಹಗೂರಕ ಹೋಗ್ತಿ. ಲೈಟ್ ಆರಿದ ಗಾಡಿಯಾಗ ನಂಬಿ ಹೋಗ್ತಿ. ನಂಬಿದಾಗ ಮೂರನೇ ತಿರುವಿನ್ಯಾಗ ಕೈಕೊಟ್ರ? ಈ ಬೇರಿಂಗ್ ಬಿಸಿ ಆಗಿ ಹಿಡ್ಕೊಂತು ಅಂದ್ರ ಯಾವ ಕಣ್ಣೂ ಕಾಯೂದಿಲ್ಲ. ನಾ ಹಾಕೂದಿಲ್ಲ."

"ಹಂಗಂತ ಮನ್ಯಾಗ ಕುಂದ್ರಾಕ ಆಗೂದಿಲ್ರೀ ಮೇಸ್ತ್ರಿ," ಎಂದರು ಮಾಸ್ತರು ಮೆಲ್ಲಗೆ. ಅವರ ಪಾದಗಳು ಆಗಲೇ ಚಪ್ಪಲಿಯ ಪಟ್ಟಿಯ ಮೇಲೆ ಉಬ್ಬಿ ಬಂದಿದ್ದವು.

ನಾನು ಆ ಪಾದಗಳನ್ನೇ ನೋಡುತ್ತಿದ್ದೆ. ಈ ವ್ಯಾನಿನಂಥದ್ದೇ ಇನ್ನೊಂದು ವ್ಯಾನು ಊರಿನಲ್ಲಿ ಒಂದೇ ಇತ್ತು. ಅದೇ ವರ್ಷದ್ದು, ಅದೇ ಬಿಳಿ ಬಣ್ಣದ್ದು. ಪುರಸಭೆಯದು. ಊರು ಅದನ್ನು ಕಡೇ ಗಾಡಿ ಅನ್ನುತ್ತದೆ. ಸತ್ತವರನ್ನು ಸುಡುಗಾಡಿಗೂ ಖಬರಸ್ತಾನಕ್ಕೂ ಒಯ್ಯುವ ಗಾಡಿ. ಎಂಟು ವರ್ಷದಲ್ಲಿ ಒಂದು ಸಲವೂ ಜೋರಾಗಿ ಓಡಿದ್ದಿಲ್ಲ, ಘಟ್ಟ ಇಳಿದದ್ದಿಲ್ಲ. ಅದರ ಹಬ್ ಹೊಚ್ಚ ಹೊಸದರ ಹಾಗಿರಬೇಕು.

ಹೇಗೆ ಹೇಳುವುದೆಂದು ತಿಳಿಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಆರು ಜನರ ಮುಖ ನೋಡಲಾಗಲಿಲ್ಲ. ವಾರಕ್ಕೆ ಎರಡು ಸಲ ಆ ಗಾಡಿಯಿಂದ ತಪ್ಪಿಸಿಕೊಳ್ಳಲೆಂದೇ ಘಟ್ಟ ಇಳಿಯುವವರು ಅವರು.

"ಅದರಾಗ ನಮ್ಮ ಯಜಮಾನ್ರನ್ನ ಕಳಿಸೇನಿ," ಎಂದಳು ಸಾವಂತ್ರವ್ವ ಕೊನೆಗೆ. "ಅಡ್ಡಿ ಇಲ್ಲ, ಗಾಡಿ ಕುಲುಕಲಿಲ್ಲ. ಹೆಂಗೂ ಒಂದಿನ ನಾನು ಅದರ ಮನಿಗಿ ಹೋಗೂದ ಐತಿ. ಅದಕ್ಕೂ ಮೊದಲ ಅದರ ಗಾಲಿ ನಮ್ಮ ಮನಿಗಿ ಬಂದ್ರ ಬೀಗತನ ಆತು. ತಗೀರಿ."

ಮಾಸ್ತರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಪುರಸಭೆಯ ಸಾಹೇಬರು ಮಾಸ್ತರ ಕೈಯಲ್ಲೇ ಡ್ರಾಯಿಂಗ್ ಕಲಿತವರು. ಒಪ್ಪಿಗೆ ತರಲು ಮಾಸ್ತರೇ ಹೋದರು, ಸಾಹೇಬರು ಸಹಿ ಹಾಕಿಕೊಟ್ಟರು. ಒಪ್ಪದೆ ನಿಂತವನು ಕಡೇ ಗಾಡಿಯ ಡ್ರೈವರ್ ಫಕೀರಪ್ಪ ಒಬ್ಬನೇ.

"ಗಾಲಿ ಕಳಚಿ ನಿಲ್ಲಸ್ತೀರಿ. ಶನಿವಾರದೊಳಗ ಯಾರರ ತೀರ್ಕೊಂಡ್ರ ನಾ ಏನ ಹೇಳ್ಲಿ? ಸ್ವಲ್ಪ ತಡೀರಿ ಅಂತ ಹೇಳ್ಲೇನು?"

ಯಾರ ಮನೆಯ ಹೆಣವನ್ನೂ ಕಾಯಿಸಬಾರದು, ಅದು ನ್ಯಾಯದ ಮಾತೇ. ನಾನು ನೆಟ್ಟಗೆ ದುರುಗಪ್ಪನ ಹಿಟ್ಟಿನ ಗಿರಣಿಗೆ ನಡೆದೆ. ಒಂದು ತಿಂಗಳಿನಿಂದ ಅವನು ನನ್ನೊಂದಿಗೆ ಮಾತು ಬಿಟ್ಟಿದ್ದ. ಮೈತುಂಬ ಹಿಟ್ಟು ಮೆತ್ತಿಕೊಂಡು ಚೀಲ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ.

"ದುರುಗಪ್ಪ, ಅವತ್ತ ನಿನ್ನ ಗಾಡಿ ನೆಟ್ಟಗ ಇತ್ತು. ಒದರಿದ್ದು ಕಲ್ಮೇಶಂದು. ನಾ ಕಣ್ಣೀಲೆ ಕೇಳಿದೆ, ಕಿವೀಲೆ ಕೇಳಲಿಲ್ಲ. ತಪ್ಪು ನಂದು."

ಅವನು ದಬ್ಬಣ ಚೀಲಕ್ಕೆ ಚುಚ್ಚಿಟ್ಟ. "ಇದನ್ನ ಎಲ್ಲಿ ಹೇಳಿದಿ?"

"ಕಲ್ಲಿನ ಹತ್ರ. ಏಳು ಮಂದಿ ಮುಂದ."

"ಸಾವಂತ್ರಿ ಇದ್ಲಾ?"

"ಇದ್ಲು."

"ಹಂಗಾರ ಸಂಜೀ ಒಳಗ ಊರಿಗೆಲ್ಲ ಗೊತ್ತಾತು ಬಿಡು," ಎಂದು ಅವನು ಎದ್ದು ಮೈಯ ಹಿಟ್ಟು ಕೊಡವಿದ. ಕಡೇ ಗಾಡಿಯ ಸಂಗತಿ ಹೇಳಿದೆ. ಕೇಳಿ ಹೇಳಿದ: "ಫಕೀರಪ್ಪಗ ಹೇಳು, ಶನಿವಾರದತನಕ ಯಾರರ ಹೋದ್ರ ನನ್ನ ಲಾರಿ ಬರತೈತಿ. ಜಮಖಾನಿ ಹಾಸಿ, ಹೂ ಕಟ್ಟಿ ತರ್ತೀನಿ. ಬೇರಿಂಗ್ ಅಂತೂ ಹೊಸಾದ ಐತಿ. ಊರಿನ ದೊಡ್ಡ ಮೇಸ್ತ್ರಿ ಹಾಕ್ಯಾನ."

ಅಷ್ಟು ಹೇಳಿ ಅವನೂ ನನ್ನ ಜೊತೆ ಬಂದ. ಲಾರಿಯ ಮಾತು ಕೇಳಿದ ಮೇಲೆ ಫಕೀರಪ್ಪ ಕೀಲಿ ಕೊಟ್ಟ. ಕಡೇ ಗಾಡಿಯ ಹಬ್ಬಿನ ನಡುವಿನ ನಟ್ಟು ನನ್ನ ತೋಳಿಗೆ ಬಗ್ಗಲಿಲ್ಲ. ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಚೀಲ ಹೊತ್ತು ಪಳಗಿದ ದುರುಗಪ್ಪನ ಹೆಗಲು ಬಿದ್ದ ಮೇಲೆ ಬಗ್ಗಿತು. ಕಲ್ಮೇಶನ ವ್ಯಾನಿನ ಹಳೆಯ ಹಬ್ ಕಚ್ಚಿಕೊಂಡಿತ್ತು. ಸುತ್ತಿಗೆ ಎತ್ತಿ ಹಾಕಿದೆ, ಒಂದು ಪೆಟ್ಟೂ ಕೇಳಿಸಲಿಲ್ಲ, ಒಂಬತ್ತನೆಯದಕ್ಕೆ ಹೊರಗೆ ಬಂತು. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಆ ಒಂಬತ್ತು ಪೆಟ್ಟು ಒಂದರ ಹಿಂದೊಂದು ಗ್ಯಾರೇಜಿನಲ್ಲಿ ಬಿದ್ದವು. ಮಾಸ್ತರು ಎಣಿಸಿದರು.

ಹಳೆಯ ಹಬ್ಬನ್ನು ದುರುಗಪ್ಪನ ಕೈಗೆ ಕೊಟ್ಟೆ. ಅವನು ತಿರುಗಿಸಿದ. ಮರಳು ತುಂಬಿದ ಹಾಗೆ ಕರಕರ ಎನ್ನುವುದು ಬೆರಳಿಗೆ ತಿಳಿಯುತ್ತಿತ್ತು. ಗ್ರೀಸು ಕಂದು ಬಣ್ಣಕ್ಕೆ ತಿರುಗಿತ್ತು, ಬಳೆಯ ಅಂಚು ಒಂದು ಕಡೆ ಉಜ್ಜಿ ಹೊಳೆಯುತ್ತಿತ್ತು. ಆರೂ ಜನ ಒಬ್ಬರಾದ ಮೇಲೊಬ್ಬರು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಕಲ್ಮೇಶ ಕೊನೆಗೆ ನೋಡಿದ. ಅವನು ಕೈಯಲ್ಲಿದ್ದ ಡಬ್ಬಿಯನ್ನು ವಾಪಸು ಕೊಡಲು ಸೀಟಿನ ಮೇಲಿಟ್ಟ. ನಾನು ಹತ್ತು ದಿನದ ಹಿಂದೆ ತೆಗೆದು ಡಬ್ಬದಲ್ಲಿ ಹಾಕಿಟ್ಟಿದ್ದ ಮೊದಲಿನ ಸೆನ್ಸರನ್ನು ಹುಡುಕಿ ಒರೆಸಿ, ಅದನ್ನೇ ಕೂಡಿಸಿದೆ. ತಪ್ಪು ಮಾಡದೆ ಹೊರಗೆ ಹಾಕಿಸಿಕೊಂಡದ್ದು ಅದು, ಅದರ ಜಾಗ ಅದಕ್ಕೆ ಸಿಗಲಿ ಎಂದು. ಕೀಲಿ ತಿರುಗಿಸಿ ಒಂದು ಸುತ್ತು ಓಡಿಸಿದ ಮೇಲೆ ಹಳದಿ ಲೈಟು ಆರಿತು.

ಗುರುವಾರ ವ್ಯಾನು ಹೋಯಿತು. ಮಧ್ಯಾಹ್ನ ಮೂರಕ್ಕೆ ಆರೂ ಜನರನ್ನು ಹೊತ್ತು ಬಂತು. ಲೈಟು ಹತ್ತಲಿಲ್ಲ ಎಂದು ಕಲ್ಮೇಶ ದೂರದಿಂದಲೇ ಕೂಗಿ ಹೇಳಿದ, ಅದು ತಡವಾಗದೆ ಕೇಳಿಸಿತು. ಶನಿವಾರದತನಕ ಊರಿನಲ್ಲಿ ಯಾರೂ ಸಾಯಲಿಲ್ಲ. ನೂರರ ಹತ್ತಿರದ ಒಬ್ಬ ಅಜ್ಜಿ ಶುಕ್ರವಾರ ಹೋಗುವ ಹಾಗಿದ್ದಳಂತೆ. ಹಿಟ್ಟಿನ ಲಾರಿ ಬರುತ್ತದೆ ಎಂದು ಕೇಳಿ ಎದ್ದು ಕೂತು ಗಂಜಿ ಕೇಳಿದಳಂತೆ. ಶನಿವಾರ ಹೊಸ ಹಬ್ ಬಂತು. ನಾನು ಅದಲು ಬದಲು ಮಾಡಲು ಸಾಮಾನು ತೆಗೆದಾಗ ಸಾವಂತ್ರವ್ವ ಬಳೆಯ ಬುಟ್ಟಿ ಇಳಿಸಿ ಅಡ್ಡ ನಿಂತಳು.

"ಹೊಸಾದನ್ನ ಆ ಗಾಡಿಗೆ ಹಾಕು. ನಮಗ ಇದ ಇರಲಿ. ಎಂಟ ವರ್ಷ ಅವಸರ ಮಾಡದ ಗಾಲಿ, ನಮ್ಮ ವಿಷಯದಾಗೂ ಅವಸರ ಮಾಡೂದಿಲ್ಲ."

ಹಾಗೆಯೇ ಮಾಡಿದೆ.

ಸೋಮವಾರ ಬೆಳಿಗ್ಗೆ ಆರೂ ಕಾಲಿಗೆ ಮೊದಲೇ ಕಲ್ಲಿನ ಮೇಲೆ ಕೂತೆ. ವ್ಯಾನು ಹಾದುಹೋಯಿತು, ಆರು ಕೈ ಕಿಟಕಿಯಿಂದ ಹೊರಗೆ ಬಂದವು, ಗಂಡ ಹೋದ ಮೇಲೂ ಸಾವಂತ್ರವ್ವ ಕಳಚದ ಗಾಜಿನ ಬಳೆ ಆಗಲೇ ಕಿಣಿಕಿಣಿ ಎಂದಿತು. ಎಲೆ ಬಾಯಿಗೆ ಹಾಕಿಕೊಂಡೆ. ಮುಗಿಯುವ ಹೊತ್ತಿಗೆ ಸರಿಯಾಗಿ, ತಿಂಗಳ ಹಿಂದಿನ ಹಾಗೆಯೇ, ದುರುಗಪ್ಪನ ಲಾರಿ ತಿರುವಿಗೆ ಬಂತು. ಅವನು ನನ್ನನ್ನು ನೋಡಿ ಅಲ್ಲೇ ನಡುರಸ್ತೆಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮೊಣಕೈ ಕಿಟಕಿಗೆ ಕೊಟ್ಟು ಕೂತ. ಆಗ ಸದ್ದು ಎದ್ದಿತು. ಎಂಜಿನ್ನು ಬಂತು, ಚಿಲಕ ಕಟಕಟ ಅಂದಿತು, ತಿರುವಿನ ಹೊಟ್ಟೆಯಲ್ಲಿ ಗಾಲಿ ಎಣ್ಣೆಯ ಮೇಲೆ ಎಣ್ಣೆ ಸುರಿದ ಹಾಗೆ ಹೊರಳಿ ನೆಟ್ಟಗಾಯಿತು. ಗುರ್ರನ್ನುವುದಿಲ್ಲ, ಕರಕರವಿಲ್ಲ. ನಾನು ಕೆಲಸ ಕಲಿತಾಗಿನಿಂದ ಅಷ್ಟು ಚೊಕ್ಕ ಸದ್ದು ಆ ರಸ್ತೆಯ ಮೇಲೆ ಕೇಳಿರಲಿಲ್ಲ.

"ಏನೋ ದಾವಲ್ಯಾ, ಇದು ಯಾರ ಗಾಡಿ ಸದ್ದು?" ಎಂದ ದುರುಗಪ್ಪ.

"ಕಲ್ಮೇಶಂದು."

"ಖರೇನ? ಎದುರಿಗೆ ನಂದ ನಿಂತೇತಲ್ಲ."

"ನಿಂದು ಇನ್ನ ಬರಬೇಕು," ಎಂದೆ. ಸರಿದು ಜಾಗ ಮಾಡಿಕೊಟ್ಟೆ. ಅವನು ಇಳಿದು ಬಂದು ಕಲ್ಲಿನ ಮೇಲೆ ನನ್ನ ಪಕ್ಕ ಕೂತ. ಎಲೆಚೀಲ ಬಿಚ್ಚಿ ಅವನಿಗೊಂದು ಎಲೆ ಕೊಟ್ಟು ನಾನೊಂದು ತೆಗೆದುಕೊಂಡೆ, ಇಬ್ಬರೂ ಅವನ ಲಾರಿ ಬರುವುದನ್ನು ಕಾಯುತ್ತ ಜಗಿಯತೊಡಗಿದೆವು.